ಬೀಳದ ಇಲಿ

ಇಲಿ ಬೀಳಲಿಲ್ಲ. ತಿರುಗುವ ಕೋಲಿನ ಮೇಲೆ ಪುಟಪುಟನೆ ಹೆಜ್ಜೆ ಹಾಕುತ್ತ, ಯಂತ್ರದ ವೇಗ ಏರಿದಂತೆಲ್ಲ ತಾನೂ ಕಾಲು ಚುರುಕು ಮಾಡುತ್ತ, ಹಾಳಾದ್ದು ಓಡುತ್ತಲೇ ಇತ್ತು. ಬೆಳಗಿನಿಂದ ಪ್ರಯೋಗಾಲಯದಲ್ಲಿ ಅವಳು ಅದನ್ನು ಓಡಿಸುತ್ತಿದ್ದುದು ಇದು ಎಷ್ಟನೆಯ ಸಲವೋ.

ಅಕ್ಕನ ಮಗ ಗುಂಡ ಹುಟ್ಟಿದ ಮೇಲೆ ಒಂದು ಹೆಜ್ಜೆ ಇಟ್ಟವನಲ್ಲ. ಕಾಲಿಗೆ ಹೋಗಬೇಕಾದ ನರಗಳು ಹೊಟ್ಟೆಯಲ್ಲಿದ್ದಾಗಲೇ ಸರಿಯಾಗಿ ಬೆಳೆದಿರಲಿಲ್ಲ. ಅವನಲ್ಲಿ ಒಂದು ಜೀನ್ ಕೆಲಸ ಮಾಡುವುದಿಲ್ಲವೆಂದು ಗೊತ್ತಾದಾಗ ಅವಳು ಹಟ ಹಿಡಿದು ಅದೇ ಜೀನ್ ತೆಗೆದ ಇಲಿಗಳನ್ನು ಹುಟ್ಟಿಸಿದ್ದಳು. ಇಲಿಯೂ ಅವನಂತೆ ಕಾಲಿನ ಬಲವಿಲ್ಲದೆ ಬಿದ್ದರೆ ತಾನೇ ಅದರ ಮೇಲೆ ಔಷಧಿ ಪ್ರಯೋಗಿಸಿ ನೋಡುವುದು? ಅಕ್ಕ ಫೋನ್ ಮಾಡಿದಾಗಲೆಲ್ಲ, ಊಟ ಆಯ್ತಾ ಅನ್ನುವುದಕ್ಕೂ ಮೊದಲು ಕೇಳುತ್ತಿದ್ದುದು ಒಂದೇ. "ಬಿತ್ತಾ? ದಿನಾ ಬೀಳು ಬೀಳು ಅಂತ ಬೇಡ್ಕೋತಾ ಇದೀನಿ ಕಣೇ."

ಮಾಮೂಲಿ ಇಲಿಗಳನ್ನೂ ಜೊತೆಗೆ ಬೆರೆಸಿ ಓಡಿಸುವಾಗ ಯಾವ ಇಲಿಯಲ್ಲಿ ಜೀನ್ ಇಲ್ಲವೆಂಬುದು ಓಡಿಸುವವರಿಗೆ ಗೊತ್ತಿರಬಾರದು. ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಅಂತ ಆ ನಿಯಮ. ಗುಟ್ಟೆಲ್ಲ ಪ್ರಯೋಗಾಲಯ ನಡೆಸುವ ಮೇಷ್ಟ್ರ ಬಳಿ. ಆದರೆ ಹೋದ ವಾರ ಎರಡು ಇಲಿಗಳು ದೊಪ್ಪನೆ ಬಿದ್ದದ್ದೇ ತಡ, ಅವಳಿಗೆ ತಡೆಯಲಾಗಲಿಲ್ಲ. ಬಿದ್ದದ್ದು ನಮ್ಮವೇ ಎಂದು ಅಕ್ಕನಿಗೆ ಹೇಳಿಯೇಬಿಟ್ಟಳು. ಅಕ್ಕ ಫೋನಿನಲ್ಲೇ ಅತ್ತಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ಈ ಬೆಳಿಗ್ಗೆ ಮೇಷ್ಟ್ರು ಗುಟ್ಟು ಬಿಚ್ಚಿದರು. ಬಿದ್ದವೆರಡೂ ಮಾಮೂಲಿ ಇಲಿಗಳು. ತಿಂದು ಕೊಬ್ಬಿದ್ದವು, ಅಷ್ಟೆ. ಜೀನ್ ಇಲ್ಲದವು ಒಂದೂ ಬಿದ್ದಿರಲಿಲ್ಲ. ಇಲಿಯಲ್ಲಿ ಬೇರೆ ಯಾವುದೋ ಜೀನ್ ಆ ಕೆಲಸ ವಹಿಸಿಕೊಂಡಿರಬೇಕು, ಹಾಗಾಗುವುದುಂಟು, ಈ ತಳಿಯನ್ನು ಇಲ್ಲಿಗೆ ಮುಗಿಸೋಣ ಎಂದರು. ಬೆಟ್ಟ ಅಗೆದು ಇಲಿ ಹಿಡಿದರಂತೆ. ಇವಳಿಗೆ ಹಿಡಿದ ಇಲಿಯೂ ದಕ್ಕಲಿಲ್ಲ.

ತಲೆಯೆತ್ತಿದರೆ ಗಾಜಿನಾಚೆ ಅಕ್ಕ. ಗಾಲಿಕುರ್ಚಿಯಲ್ಲಿ ಗುಂಡ, ತಲೆ ಬಾಚಿ, ಒಳ್ಳೆಯ ಅಂಗಿ ತೊಡಿಸಿಕೊಂಡು. ಓಡುತ್ತಿದ್ದ ಇಲಿಯನ್ನು ಹಾಗೇ ಬಿಟ್ಟು ಅವಳು ಹೊರಗೆ ಬಂದಳು.

"ಇವನಿಗೂ ತೋರಿಸೋಣ ಅಂತ ಕರ್ಕೊಂಡು ಬಂದೆ," ಅಂದಳು ಅಕ್ಕ. "ಯಾವುದೇ ನಮ್ಮದು?"

ಅವಳು ಬೆರಳು ತೋರಿಸಿದಳು.

"ಅದು ಓಡ್ತಾ ಇದೆಯಲ್ಲ."

ಅವಳು ಎಲ್ಲ ಹೇಳಿದಳು. ಅಕ್ಕ ಇಲಿಯಿಂದ ಕಣ್ಣು ತೆಗೆಯಲಿಲ್ಲ.

"ಅಂದ್ರೆ, ಆ ಜೀನ್ ಇಲ್ದೇನೂ ಓಡಬಹುದು."

"ಇಲಿ ಓಡಬಹುದು ಅಕ್ಕ."

"ಮತ್ತೆ ಇವನಿಗೇನು ದಾಡಿ?"

ಸಿಟ್ಟಿನಿಂದ ಆಡಿದ ಮಾತಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಅಕ್ಕ ನಿಜವಾಗಿಯೂ ಕೇಳುತ್ತಿದ್ದಳು. ಓದಿದ್ದೆಲ್ಲ ದಂಡವಾಯಿತು ಅನ್ನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಹೊತ್ತು ಮುಗಿದು ಯಂತ್ರ ನಿಂತಿತು. ಇಲಿ ಕೋಲಿನ ಮೇಲೆ ಕೂತು ಮುಖ ಉಜ್ಜಿಕೊಂಡಿತು.

"ಬೀಳಲೇ ಇಲ್ಲ ಚಿಕ್ಕಮ್ಮ," ಅಂದ ಗುಂಡ, ಗೆದ್ದವನು ತಾನೇ ಎಂಬಂತೆ. "ಇನ್ನೊಂದ್ಸಲ ಓಡ್ಸು."

ಅವಳು ಒಳಗೆ ಹೋಗಿ ಗುಂಡಿ ಒತ್ತಿದಳು. ಕೋಲು ತಿರುಗಿತು, ಇಲಿ ಓಡಿತು. ಗಾಜಿನಾಚೆ ಗುಂಡ ಚಪ್ಪಾಳೆ ತಟ್ಟುತ್ತಿದ್ದ. ಅವನ ಹಿಂದೆ ನಿಂತ ಅಕ್ಕನ ತುಟಿಗಳು, ದಿನಾ ಬೇಡಿಕೊಳ್ಳುತ್ತಿದ್ದ ಅದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದವು.