ಧರೆಪ್ಪನ ಗೀಟು

ವಿಮಾನ ಹೊತ್ತ ನಾಲ್ವರೂ ಶಾಲೆಯ ಗೇಟಿನ ಮುಂದೆ ಗಕ್ಕನೆ ನಿಂತರು. ಬಿದಿರು ಕಟ್ಟಿ ಚೆಂಡುಹೂ ಸುತ್ತಿದ ಆ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಧರೆಪ್ಪ ಕೂತಿದ್ದ. ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುವ ಮಂದಿ ಅವರದು. ರುದ್ರಭೂಮಿಗೆ ಇರುವುದು ಇದೊಂದೇ ದಾರಿ, ಆ ದಾರಿಗೆ ಅಡ್ಡ ಬಸಂತರಾಯಗೌಡರ ಒಂಟೆತ್ತಿನ ಗಾಡಿ.

"ಯಾಕ ನಿಂತ್ರಿ?" ಹಿಂದಿನಿಂದ ಹೆಂಡತಿ ಚನ್ನವ್ವ ಕೇಳಿದಳು.

"ದಾರಿ ಇಲ್ಲಬೇ ಅಕ್ಕಾ," ಎಂದ ಮುಂದೆ ಚುರಮರಿ ತೂರುತ್ತಿದ್ದ ಅವಳ ತಮ್ಮ ಗುರಪ್ಪ. "ಗಾಡಿ, ಸೈಕಲ್ಲು, ಮಂದಿ. ಸಾಲಿ ಹೊತ್ತಲಾ ಇದು."

ಚನ್ನವ್ವನಿಗೆ ಅಳು ಬರುವ ಬದಲು ಮೈಯೆಲ್ಲ ಉರಿಯಿತು. ಈ ಸಿಂದಗಿಯ ಶಾಲೆಯಲ್ಲಿ ಸಿಪಾಯಿಯಾಗಿ, ತಲೆ ಹಣ್ಣಾಗುವ ತನಕ ಇದೇ ಗೇಟಿನಲ್ಲಿ "ಹಿಂದ ಸರೀರಿ" ಎಂದು ಗಂಟಲು ಹರಿದುಕೊಂಡವನು ಅವನು. ಅವನ ಹೆಣ ಬಂದರೂ ಇವರು ಸರಿಯುವುದಿಲ್ಲವೆಂದರೆ ಇವರನ್ನು ಏನನ್ನಬೇಕು? ಒಂದು ಸಲ, ಇವತ್ತೊಂದು ಸಲ ಇವರು ಅವನ ಮಾತು ಕೇಳಬೇಕು. ಅವಳಿಗೆ ಬೇರೇನೂ ಬೇಡವಾಗಿತ್ತು.

*

ಎಪ್ಪತ್ತರ ಇಸವಿಯ ಸುಮಾರಿಗೆ ಮಕ್ಕಳನ್ನು ಬಿಡಲು ಬರುವವರ ಹಾವಳಿ ಮಿತಿಮೀರಿತ್ತು. ಒಬ್ಬಳು ಕಿಟಕಿಯಲ್ಲಿ ಕೈ ತೂರಿಸಿ ಮಗನ ಬಾಯಿಗೆ ರೊಟ್ಟಿ ತುರುಕುತ್ತಿದ್ದಳು. ಒಬ್ಬ ಮಗಳ ಪಾಟಿ ತಾನೇ ಹಿಡಿದು ಮಾಸ್ತರರ ಕುರ್ಚಿಗೆ ಆತು ನಿಂತು, "ನಮ್ಮ ಕೂಸಿನ್ನ ಮುಂದ ಕೂಡಸ್ರಿ" ಎನ್ನುತ್ತಿದ್ದ. ಗೌಡರಂತೂ ಗಾಡಿಯನ್ನು ವರ್ಗದ ಬಾಗಿಲಿಗೇ ಹಚ್ಚುತ್ತಿದ್ದರು. ಒಂದು ದಿನ ಪ್ರಾರ್ಥನೆಯ ನಡುವೆ ಅವರ ಎತ್ತು ಸಗಣಿ ಹಾಕಿ, ಹುಡುಗರು ನಕ್ಕು ನಕ್ಕು ಪ್ರಾರ್ಥನೆಯೇ ನಿಂತುಹೋಯಿತು. ಆ ಸಗಣಿ ಬಳಿದವನು ಧರೆಪ್ಪ. ಮರುದಿನ ಅವನು ಸುಣ್ಣ ಕಲಸಿ ಗೇಟಿಗೆ ಅಡ್ಡ ಒಂದು ಗೀಟು ಎಳೆದ. ಹುಡುಗರು ಒಳಗೆ, ದೊಡ್ಡವರು ಹೊರಗೆ.

ಮೊದಲ ದಿನ ಗೀಟು ದಾಟಿದವಳು ಚನ್ನವ್ವನೇ. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳ ಕೂಸು ಆಗ ಇವರ ಮನೆಯಲ್ಲೇ ಇತ್ತು. ಅಜ್ಜಿಯ ಸೆರಗು ಬಿಡಲೊಲ್ಲದು, ಒಂದೇ ಸಮನೆ ಅಳು.

"ನಾ ಸಿಪಾಯಿ ಹೇಣ್ತಿ," ಎಂದಳು ಚನ್ನವ್ವ.

"ಅದಕ್ಕ ಮೊದಲ ನೀ ಸರಿ," ಎಂದ ಧರೆಪ್ಪ, ಎಲ್ಲರೆದುರು. "ನಿನ್ನ ಬಿಟ್ರ ನಾಳೆ ಗೌಡ್ರಿಗೆ ಯಾವ ಬಾಯಿಲೆ ಹೇಳ್ಲಿ?"

ಅವಳು ಸರಿದಳು, ಎಂಟು ದಿನ ಮಾತೂ ಬಿಟ್ಟಳು. ಗೌಡರು ಮಾತ್ರ ಸರಿಯಲಿಲ್ಲ. "ನಮ್ಮ ಎತ್ತಿಗೆ ಓದಾಕ ಬರೂದಿಲ್ಲೋ ಧರೆಪ್ಪಾ" ಎಂದು ನಗುತ್ತ ಗಾಡಿ ಹೊಡೆಯುತ್ತಿದ್ದರು. ಗಾಲಿ ಅಳಿಸಿದ್ದನ್ನು ಧರೆಪ್ಪ ಸಂಜೆ ಮತ್ತೆ ಎಳೆಯುತ್ತಿದ್ದ. ಪೆನ್ಶನ್ ಆದ ಮೇಲೂ ಆ ಚಟ ಹೋಗಲಿಲ್ಲ. ಬೆಳಗಾದರೆ ಗೇಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂಡುವವನೇ.

"ನಿಮಗ್ಯಾಕ ಬೇಕ್ರಿ ಊರ ಉಸಾಬರಿ?" ಎಂದು ಚನ್ನವ್ವ ಬೈದರೆ, "ಒಂದಿನ ಸರೀತಾರ ತಗೋ" ಎನ್ನುತ್ತಿದ್ದ.

*

ವಿಮಾನ ಕಂಡದ್ದೇ ತಡ, ಮಂದಿ ನೋಡಲೆಂದು ಇನ್ನಷ್ಟು ಮುಂದೆ ನುಗ್ಗಿದರು. ಹುಡುಗರು ಒಳಗೆ ಹೋಗಲಾಗದೆ ದೊಡ್ಡವರ ಕಾಲುಗಳ ನಡುವೆ ಸಿಕ್ಕಿಬಿದ್ದರು.

"ಪಾಪ, ಭಾಳ ಛಲೋ ಮನಶ್ಯಾ," ಎಂದು ಕಣ್ಣೊರೆಸಿಕೊಂಡಳು ಶಮ್ಶುನ್ನೀಸಾ, ಮಗನ ಕೈ ಹಿಡಿದು ಗೇಟಿನ ನಟ್ಟನಡುವೆ ನಿಂತು. "ನನಗ ದಿನಾ ಬೈತಿದ್ದ."

"ಎದಕ್ಕ ಬೈತಿದ್ದರು, ಅದು ನೆನಪೈತೇನವಾ?" ಎಂದಳು ಚನ್ನವ್ವ.

ಗುರಪ್ಪ ಗಾಡಿಯ ಹತ್ತಿರ ಹೋಗಿ ಕೈಮುಗಿದ. "ಗೌಡ್ರ, ಒಂದೀಟು ಹಿಂದ ತಗೋರಿ."

"ಮೊಮ್ಮಗನ್ನ ಒಳಗ ಬಿಟ್ಟು ಬರ್ತೇನಿ, ತಡಿಯೋ," ಎಂದರು ಗೌಡರು, ಕೂತಲ್ಲಿಂದಲೇ. "ಸತ್ತಾವಗೇನು ಅವಸರ ಐತಿ?"

ದಾರಿಯುದ್ದಕ್ಕೂ ಹೆಣದ ಮುಂದೆ ತೂರುತ್ತ ಬಂದಿದ್ದ ಚುರಮರಿ ಬುಟ್ಟಿಯನ್ನು ಚನ್ನವ್ವ ತಮ್ಮನ ಕಂಕುಳಿನಿಂದ ಕಸಿದುಕೊಂಡು, ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಗೇಟಿಗೆ ಹೋದಳು. ಸುಣ್ಣ ಎಲ್ಲ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು. ಅವಳು ಬಗ್ಗಿ, ಈ ಕಂಬದಿಂದ ಆ ಕಂಬದ ತನಕ ಹಿಡಿಹಿಡಿಯಾಗಿ ಚುರಮರಿ ಸುರಿಯುತ್ತ ಹೋದಳು.

"ಏನ್ ಮಾಡಾಕತ್ತೀಬೇ ಅಕ್ಕಾ?"

"ನಿಮ್ಮ ಮಾಮಾ ದಿನಾ ಮಾಡೂದು." ಅವಳು ಸೊಂಟ ಹಿಡಿದು ನೆಟ್ಟಗಾದಳು. "ಹಿಂದ ಸರೀರಿ. ಹುಡುಗ್ರು ಒಳಗ ಹೋಗ್ಲಿ."

ಹೆಣದ ಮುಂದೆ ತೂರುವ ಚುರಮರಿ ತುಳಿಯುವ ಧೈರ್ಯ ಊರಲ್ಲಿ ಯಾರಿಗಿದೆ? ಇಷ್ಟು ವರ್ಷ ಸುಣ್ಣ ತುಳಿದ ಕಾಲುಗಳೆಲ್ಲ ಹಿಂದೆ ಹಿಂದೆ ಹೋದವು. ಶಮ್ಶುನ್ನೀಸಾ ಮಗನ ಕೈ ಬಿಟ್ಟಳು. ಹುಡುಗರು ಒಬ್ಬೊಬ್ಬರಾಗಿ ಗೀಟು ಜಿಗಿದು ಒಳಗೆ ಓಡಿದರು. ಗೌಡರ ಮೊಮ್ಮಗನೂ ಗಾಡಿಯಿಂದ ಧುಮುಕಿ, ಅದನ್ನು ಜಿಗಿದು ಹೋಗಿಬಿಟ್ಟ.

ಗೌಡರ ಎತ್ತಿಗೆ ಮಾತ್ರ ಓದಲು ಬರುತ್ತಿರಲಿಲ್ಲ. ಅದು ಕುತ್ತಿಗೆ ಚಾಚಿ ಚುರಮರಿಗೆ ನಾಲಿಗೆ ಹಾಕಿತು.

ಎಲ್ಲರ ಕಣ್ಣೂ ಗೌಡರ ಮೇಲೆ. ಗೌಡರು ವಿಮಾನದ ಕಡೆ ನೋಡಿದರು. ಧರೆಪ್ಪ ಸ್ಟೂಲಿನ ಮೇಲೆ ಕೂಡುತ್ತಿದ್ದ ಹಾಗೆಯೇ ಗೇಟಿಗೆ ಮುಖ ಮಾಡಿ ಕೂತಿದ್ದ. ಅವರು ಧೋತರ ಎತ್ತಿಕೊಂಡು ಗಾಡಿಯಿಂದ ಇಳಿದರು. ಎತ್ತಿನ ಮೂಗುದಾರ ಹಿಡಿದು, "ಹಿಂದ ಸರಿ," ಎಂದರು.

ಎತ್ತು ಸರಿಯಲಿಲ್ಲ. ಗೌಡರು ಬಿಸಿಲಿಗೆ ಬೆವರುತ್ತ, ಎರಡೂ ಕೈಯಿಂದ ಅದರ ಎದೆ ನೂಕುತ್ತ, ವಿಮಾನಕ್ಕೆ ದಾರಿಯಾಗುವ ತನಕ ಅದೇ ಮಾತು ಹೇಳುತ್ತಿದ್ದರು.

"ಹಿಂದ ಸರಿಯೋ. ಹಿಂದ ಸರಿ."