ಒಣ ಉಗುಳು

“ಕೊನೇ ಪದದ ಮೇಲೆ ಭಾರ ಬಿಡಿ ಅಂತ ಎಷ್ಟು ಸಲ ಹೇಳ್ಲಿ?” ಮಿಲ್ಟೋಸ್ ಪೆನ್ನಿನಿಂದ ಮೇಜು ಕುಟ್ಟಿದ. “ಪೀಸ್ ಆಫ್ ಕೇಕ್. ಕೇಕ್! ನೀವು ಪೀಸ್ ಮೇಲೇ ಕೂತುಬಿಡ್ತೀರಲ್ರೀ.”

ಎವಾಂಥಿಯಾ ಮತ್ತೆ ಹೇಳಿದಳು. ಆಂಡ್ರೋಸ್ ದ್ವೀಪದ ಆ ಹೋಟೆಲಿನ ನೆಲಮಾಳಿಗೆಯಲ್ಲಿ ಚಾದರ ಒಗೆದೂ ಒಗೆದೂ ಅವಳ ಬೆರಳಸಂದಿಗಳು ಬ್ಲೀಚಿಗೆ ಬೆಂದುಹೋಗಿದ್ದವು. ಮೇಲೆ ರಿಸೆಪ್ಷನ್ನಿನಲ್ಲಿ ಒಂದು ಜಾಗ ಖಾಲಿಯಿತ್ತು. ಅದು ಸಿಕ್ಕಿದರೆ ಕೈಗಳು ಉಳಿಯುತ್ತಿದ್ದವು. ಇಂಗ್ಲಿಷ್ ಅವಳಿಗೆ ಬರುತ್ತಿತ್ತು. ಆದರೆ ಹೊಸ ಮ್ಯಾನೇಜರ್ ಮಿಲ್ಟೋಸನಿಗೆ ಅಷ್ಟು ಸಾಲದು. ಇಂಗ್ಲಿಷರ ನುಡಿಗಟ್ಟುಗಳು ಅವರದೇ ಏರಿಳಿತದಲ್ಲಿ ಬಾಯಿಂದ ಉದುರಬೇಕು.

ಅವನೇನು ಲಂಡನ್ನಿನಲ್ಲಿ ಹುಟ್ಟಿದವನಲ್ಲ. ಎವಾಂಥಿಯಾಳ ಊರಿನವನೇ, ಆಡು ಸಾಕುವವರ ಮಗ. ಎರಡು ವರ್ಷ ಅಲ್ಲಿ ಓದಿ ಬಂದಿದ್ದ, ಅಷ್ಟಕ್ಕೇ ಮೂಗು ಮೇಲೇರಿತ್ತು. ಮಧ್ಯಾಹ್ನ ಊರೆಲ್ಲ ಊಟ ಮಾಡಿ ಅಡ್ಡಾಗಿರುವ ಹೊತ್ತಿನಲ್ಲಿ ಅವಳನ್ನು ಎದುರು ಕೂರಿಸಿಕೊಂಡು, ಭಾರ ಬೀಳುವ ಕಡೆಯೆಲ್ಲ ಚಪ್ಪಾಳೆ ತಟ್ಟಿಸುತ್ತಿದ್ದ. ಮೊಮ್ಮಗಳಿರುವ ಹೆಂಗಸು ಶಿಶುವಿಹಾರದ ಮಗುವಿನಂತೆ ತಟ್ಟುತ್ತಿದ್ದಳು. ನೋಡಿದವರಿಗೇ ಹೇಸಿಗೆಯಾಗಬೇಕು.

ಅವತ್ತು ಸಂಜೆ ರಿಸೆಪ್ಷನ್ನಿನಲ್ಲೇ ಅವಳಿಗೆ ಪರೀಕ್ಷೆ. ಮಿಲ್ಟೋಸ್ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಹಡಗಿನಿಂದ ಇಳಿದು ಬಂದ ಇಂಗ್ಲಿಷ್ ಹೆಂಗಸೊಬ್ಬಳು ಹತ್ತಿಯ ಹೊದಿಕೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡಿದ್ದಳು. ಕೂಸು ಎವಾಂಥಿಯಾಳನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ನಾವು ಕಣ್ಮಣಿ ಅನ್ನುವುದನ್ನು ಅವರು ಹೇಳುವ ರೀತಿಯಲ್ಲೇ ಅವಳು ಹೇಳಿದಳು: “ದಿ ಆ್ಯಪಲ್ ಆಫ್ ಯುವರ್ ಐ!” ಭಾರ ಹೇಗೋ ‘ಐ’ ಮೇಲೆ ಬಿತ್ತು, ದನಿ ಮಾತ್ರ ಚೂರು ಜಾರಿತು. ತಾಯಿಯ ಮುಖ ಅರಳಿತು.

ಅಷ್ಟು ಬಾಯಿತುಂಬ ಹೊಗಳಿದ ಮೇಲೆ ಕೂಸನ್ನು ಹಾಗೇ ಬಿಡುವುದುಂಟೇ? ಎವಾಂಥಿಯಾ ಬಗ್ಗಿ, ಅದಕ್ಕೆ ಯಾರ ಕಣ್ಣೂ ತಾಗದಿರಲೆಂದು, “ಫ್ತೂ, ಫ್ತೂ, ಫ್ತೂ” ಅಂದಳು.

ತಾಯಿ ಹಿಂದೆ ಸರಿದು ಕೂಸನ್ನು ಅವುಚಿಕೊಂಡಳು. “ಇವರು ನನ್ನ ಮಗು ಮೇಲೆ ಉಗಿದ್ರಾ?”

ದೃಷ್ಟಿ ತೆಗೆದಳು ಎಂದು ಒಂದು ಮಾತು ಹೇಳಿದ್ದರೆ ಆ ತಾಯಿಯೂ ನಗುತ್ತಿದ್ದಳೋ ಏನೋ. ಮಿಲ್ಟೋಸ್ ಹೇಳಲಿಲ್ಲ.

“ಕ್ಷಮಿಸಿ ಮೇಡಂ. ಹಳ್ಳಿ ಹೆಂಗಸು, ಗಲೀಜು ಚಾಳಿ. ಆ ಹೊದಿಕೆ ಕೊಡಿ, ಕುದಿಯೋ ನೀರಲ್ಲಿ ಒಗೆಸಿ ಕೊಡ್ತೀನಿ,” ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡ. ಆಮೇಲೆ ತಮ್ಮ ಭಾಷೆಯಲ್ಲಿ ಎವಾಂಥಿಯಾಳಿಗೆ, “ಕ್ಷಮೆ ಕೇಳಿ. ನಾನು ಕಲಿಸಿದ ಹಾಗೇ ಕೇಳಿ,” ಅಂದ.

“ಸಾರ್, ನಿಮ್ಮ ತೊಟ್ಟಿಲಿಗೆ ಊರಲ್ಲಿ ಅರ್ಧ ಹೆಂಗಸರು ಹೀಗೇ ಮಾಡಿದಾರೆ. ನಾನೂ ಮಾಡಿದೀನಿ. ಅದನ್ನ ಅವರಿಗೆ ಹೇಳಿ.”

“ಹೇಳಿ ನನ್ನ ಮಾನ ಕಳ್ಕೊಳ್ಲಾ? ಮೇಲಿನ ಕೆಲಸ ಬೇಕೋ ಬೇಡ್ವೋ?”

ಅವಳು ತನ್ನ ಕೈಗಳನ್ನು ನೋಡಿಕೊಂಡಳು. “ಸಾರಿ,” ಅಂದಳು, “ಫ್ರಮ್ ದ ಬಾಟಮ್ ಆಫ್ ಮೈ ಹಾರ್ಟ್.” ಕೊನೆಯ ಪದದ ಮೇಲೆ ದನಿ ಚೂರೂ ಜಾರದೆ ಕೂತಿತು. ಇಷ್ಟು ದಿನ ಚಪ್ಪಾಳೆ ತಟ್ಟಿದರೂ ಬಾರದ್ದು ಈಗ ಬಂತು.

“ನೋಡಿದ್ರಾ! ಬಂತಲ್ಲ!” ತಾಯಿ ಕೂಸಿನೊಂದಿಗೆ ಮೆಟ್ಟಿಲು ಹತ್ತಿದ್ದೇ ತಡ, ಮಿಲ್ಟೋಸ್ ಹಿಗ್ಗಿಹೋದ. ರಿಸೆಪ್ಷನ್ನಿನ ನೀಲಿ ಕೋಟು ತೆಗೆದು ಅವಳ ತೋಳಿಗೆ ಹಾಕಿದ. “ನಾಳೆಯಿಂದ ಮೇಲೇ ನಿಲ್ಲಿ. ಹಾಗೇ ಆ ಹೊದಿಕೇನ ಕೆಳಗೆ ಕೊಟ್ಟುಬಿಡಿ.”

ಕೋಟು, ಹೊದಿಕೆ ಎರಡನ್ನೂ ಹಿಡಿದು ಅವಳು ಮೆಟ್ಟಿಲಿಳಿದಳು. ಅವನ ಮೇಲಿನ ಅಸಹ್ಯ ಹಾಗಿರಲಿ. ತನ್ನ ನಾಲಿಗೆಯೇ ಬೇರೆ ಯಾರದೋ ಎಂಜಲು ಚಮಚದಂತೆ ಬಾಯಲ್ಲಿತ್ತು.

ಕೆಳಗೆ, ಜೊತೆಯಲ್ಲಿ ಒಗೆಯುವ ಸ್ಟಮಾತಾ ಸುದ್ದಿ ಕೇಳಿ ಹೊದಿಕೆಯನ್ನು ದೀಪಕ್ಕೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು. “ಎಲ್ಲೇ ಉಗಿದಿದೀಯ? ಒಂದು ಹನೀನೂ ಇಲ್ವಲ್ಲೇ!”

“ಒಣ ಉಗುಳು ಕಣೇ. ಅದನ್ನ ಒಗೆಯೋದೇನಿದೆ?” ಎವಾಂಥಿಯಾ ಹೊದಿಕೆಯನ್ನು ಅಂಗೈಯಿಂದ ಸವರಿ, ಮಡಚಿ, ಇಸ್ತ್ರಿಯಾದ ಬಟ್ಟೆಗಳ ಮೇಲಿಟ್ಟಳು. ನೀಲಿ ಕೋಟನ್ನು ಯಂತ್ರದೊಳಗೆ ತುರುಕಿ ಬಿಸಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು.

“ಅಯ್ಯೋ, ಉಣ್ಣೆ ಕಣೇ ಅದು! ಕುದಿಯೋ ನೀರಿಗೆ ಹಾಕಿದ್ರೆ ಮತ್ತೆ ಮೈಗೆ ಆಗಲ್ಲ!”

ಎವಾಂಥಿಯಾ ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು. ಯಂತ್ರದ ಗಾಜಿನ ಹಿಂದೆ ನೀರು ನಿಧಾನವಾಗಿ ನೀಲಿಯಾಯಿತು.