ಆಂಟೊನ್ ಫರ್ರೆಯ ಹೊಲಿಗೆ

ಲಿಯೋನಾರ್ಡ್ ಅಂಕಲ್ ಆ ಪುಸ್ತಕವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ವನಜಾಳ ಮನೆಗೆ ತಂದರು. ಪರ್ತ್ ಹತ್ತಿರದ ಸ್ವಾನ್ ವ್ಯಾಲಿಯಲ್ಲಿ ಯಾರೋ ಹಳೆಯ ದ್ರಾಕ್ಷಿ ತೋಟವನ್ನು ಮಾರಿ ಹೋಗುತ್ತಿದ್ದವರು ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಿದ್ದರಂತೆ. ಅಂಕಲ್ ಹೋಗಿದ್ದು ಏಣಿ ಕೊಳ್ಳಲು. ಏಣಿ ಆಗಲೇ ಹೋಗಿಬಿಟ್ಟಿತ್ತು, ಪುಸ್ತಕ ತಂದರು.

ಅಂಕಲ್ ಮಂಗಳೂರಿನವರು. ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಆಮೇಲೆ ಮಗನ ಹಿಂದೆ ಪರ್ತ್‌ಗೆ ಬಂದು ಕ್ಯಾನಿಂಗ್ಟನ್‌ನಲ್ಲಿ ನೆಲೆಸಿದ್ದರು. ಎಪ್ಪತ್ತನಾಲ್ಕು ವಯಸ್ಸು. ಚಿಕ್ಕಂದಿನಲ್ಲಿ ಇಗರ್ಜಿಯ ಬಲಿಪೂಜೆಯಲ್ಲಿ ಅರ್ಥ ಗೊತ್ತಿಲ್ಲದೆ ಒಪ್ಪಿಸುತ್ತಿದ್ದ ಲ್ಯಾಟಿನ್ ಸಾಲುಗಳಲ್ಲಿ ಏನಿತ್ತೆಂದು ಈಗ ತಿಳಿದುಕೊಳ್ಳಲೇಬೇಕೆಂದು ಹಟ ಹಿಡಿದಿದ್ದರು.

"ಲ್ಯಾಟಿನ್ ವ್ಯಾಕರಣ ಇದು. ಓದ್ಲಿಕ್ಕೆ ತೆಗೆದ್ರೆ ಹಾಳೆ ಉದುರ್ತದೆ. ನಿಮ್ಮಿಂದ ಆಗ್ತದಾ ನೋಡಿ ವನಜಾ" ಎಂದರು.

ವನಜಾ ಬೆಂಟ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುವ ಕೆಲಸದಲ್ಲಿದ್ದಳು. ಮೈಸೂರಿನಿಂದ ಬಂದ ಹೊಸದರಲ್ಲಿ ಬೇರೇನೂ ಸಿಗದೆ ಸೇರಿಕೊಂಡ ಕೆಲಸ ಅದು. ಹತ್ತೊಂಬತ್ತು ವರ್ಷವಾದರೂ ಬಿಡಲು ಮನಸ್ಸು ಬಂದಿರಲಿಲ್ಲ. ಅವಳು ಡಬ್ಬಿಯಿಂದ ಪುಸ್ತಕ ತೆಗೆದು, ಅಡುಗೆಮನೆಯ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಅದರ ಮೇಲಿಟ್ಟು ನೋಡಿದಳು. ಅಂಗೈಯಷ್ಟು ಅಗಲದ ಪುಸ್ತಕ. ಚರ್ಮದ ರಟ್ಟಿನ ಬೆನ್ನು ಬಿಟ್ಟುಹೋಗಿತ್ತು. ಮೊದಲರ್ಧದ ಹೊಲಿಗೆ ಸಡಿಲವಾಗಿದ್ದರೂ ಕ್ರಮವಾಗಿತ್ತು. ಕೊನೆಯರ್ಧವನ್ನು ಮಾತ್ರ ಯಾರೋ ಪಕ್ಕದಿಂದ ಆರಪಾರ ತೂತು ಕೊರೆದು, ಮೇಣ ಹಚ್ಚಿದ ದಪ್ಪನೆಯ ಕಪ್ಪು ದಾರದಿಂದ ಬಿಗಿದಿದ್ದರು.

"ಯಾರೋ ಗೋಣಿಚೀಲ ಹೊಲಿದ ಹಾಗೆ ಹೊಲಿದುಬಿಟ್ಟಿದಾರೆ ಅಂಕಲ್. ಇದನ್ನೆಲ್ಲ ಕತ್ತರಿಸಿ ತೆಗೆದು ಹೊಸದಾಗಿ ಹಾಕ್ಬೇಕು."

"ಹಾಕಿ, ಹಾಕಿ. ಆದ್ರೆ ಕೊನೆ ಹಾಳೆ ಒಮ್ಮೆ ನೋಡಿ."

ಕೊನೆಯ ಹಾಳೆಯಲ್ಲಿ ಕಂದು ಶಾಯಿಯಲ್ಲಿ ಒಂದು ಹೆಸರಿತ್ತು: ಆಂಟೊನ್ ಫರ್ರೆ. ಕೆಳಗೆ 1791. ಅದರ ಪಕ್ಕದಲ್ಲಿ ಒಂದು ಅರ್ಧಚಂದ್ರ, ನಡುವಿನಿಂದ ಚಿಕ್ಕದೊಂದು ಗೆರೆ. ಮೊದಲ ಪುಟದಲ್ಲಿ ಅಚ್ಚಾದ ಊರಿನ ಹೆಸರನ್ನು ಅಂಕಲ್ ಬೆರಳಿಟ್ಟು ಓದಿದರು: "ಸೆರ್ವಾರಿಯೆ. ವಿಶ್ವವಿದ್ಯಾಲಯದ ಮುದ್ರಣಾಲಯ ಅಂತ ಉಂಟು. ಇದು ಎಂಥ ಊರು ಮಾರಾಯ್ರೆ? ನಾನು ಕೇಳಿಯೇ ಇಲ್ಲ."

ವನಜಾಳೂ ಕೇಳಿರಲಿಲ್ಲ. ಅಂಕಲ್ ಹೋದಮೇಲೆ ಅವಳು ಹುಡುಕಿ ತಿಳಿದಳು: ಸೆರ್ವೆರಾ, ಸ್ಪೇನಿನ ಕ್ಯಾಟಲೋನಿಯಾದ ಒಂದು ಪುಟ್ಟ ಊರು. ಮುನ್ನೂರು ವರ್ಷಗಳ ಹಿಂದೆ ಯುದ್ಧವೊಂದರಲ್ಲಿ ಬಾರ್ಸಿಲೋನಾ ರಾಜನ ವಿರುದ್ಧ ನಿಂತಿತು, ಸೆರ್ವೆರಾ ರಾಜನ ಪರ. ಗೆದ್ದ ರಾಜ ಬಾರ್ಸಿಲೋನಾದ ವಿಶ್ವವಿದ್ಯಾಲಯವನ್ನು ಮುಚ್ಚಿಸಿ, ಸೆರ್ವೆರಾದಲ್ಲಿ ಹೊಸದನ್ನು ಕಟ್ಟಿಸಿದ. ನೂರಿಪ್ಪತ್ತೈದು ವರ್ಷದ ನಂತರ ಅದು ಮತ್ತೆ ಬಾರ್ಸಿಲೋನಾಕ್ಕೇ ಹೋಯಿತು. ಕಟ್ಟಡ ಮಾತ್ರ ಅಲ್ಲೇ ಉಳಿಯಿತು.

ಜೂನಿನಲ್ಲಿ ಅವಳು ಮಗಳು ಪೂರ್ವಿಯ ಜೊತೆ ಬಾರ್ಸಿಲೋನಾಕ್ಕೆ ಹೋಗುವುದು ಮೊದಲೇ ಗೊತ್ತಾಗಿತ್ತು. ಗಂಡ ಹೊನ್ನಪ್ಪನಿಗೆ ಗಣಿಯಲ್ಲಿ ರಜೆ ಸಿಕ್ಕಿರಲಿಲ್ಲ. ಪೂರ್ವಿ ಬ್ರಿಸ್ಬೇನಿನಲ್ಲಿ ಫಿಸಿಯೋಥೆರಪಿಸ್ಟ್. ಮನೆಯಲ್ಲಿ ಜೊತೆಗಿದ್ದ ಕೊಲಂಬಿಯಾದ ಗೆಳತಿಯಿಂದ ಸ್ಪ್ಯಾನಿಷ್ ಕಲಿತಿದ್ದಳು. ಐದು ದಿನದ ಪಟ್ಟಿಯನ್ನು ಅವಳೇ ತಯಾರಿಸಿದ್ದಳು. ಅದರಲ್ಲೊಂದು ದಿನವನ್ನು ಸೆರ್ವೆರಾಕ್ಕೆ ಕೊಡು ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಪೂರ್ವಿ ನಕ್ಕಳು.

"ಅಮ್ಮಾ, ನೋಬಡಿ ಗೋಸ್ ದೇರ್. ಟ್ರೇನಲ್ಲಿ ಎರಡು ಗಂಟೆ ಮೇಲಾಗುತ್ತೆ. ವಾಟ್ ಡು ಯು ಈವನ್ ವಾಂಟ್ ಟು ಸೀ?"

"ಗೊತ್ತಿಲ್ಲ ಕಣೇ. ಈ ಫರ್ರೆ ಯಾರು ಅಂತ ಕೇಳ್ಬೇಕು. ಎರಡು ತಿಂಗಳಿಂದ ಅವನ ಪುಸ್ತಕ ನನ್ನ ಮೇಜಿನ ಮೇಲೇ ಇದೆ."

ಪುಸ್ತಕವನ್ನು ಜೊತೆಗೆ ಒಯ್ಯಲು ಅಂಕಲ್ ಸಂತೋಷದಿಂದಲೇ ಒಪ್ಪಿದರು. ಹೊಲಿಗೆ ಬಿಚ್ಚುವುದನ್ನು ವನಜಾ ಬಂದ ಮೇಲೆ ಮಾಡೋಣವೆಂದು ಮುಂದಕ್ಕೆ ಹಾಕಿದಳು.

ಬಾರ್ಸಿಲೋನಾದಿಂದ ಹೊರಟ ರೈಲು ಕೊಯ್ಲಾಗಿದ್ದ ಗೋಧಿ ಹೊಲಗಳ ನಡುವೆ ನಿಧಾನವಾಗಿ ಏರಿ ಹತ್ತೂವರೆಗೆ ಸೆರ್ವೆರಾ ತಲುಪಿತು. ಇಳಿದವರು ಅವರಿಬ್ಬರು ಮತ್ತು ನಾಯಿ ಹಿಡಿದ ಒಬ್ಬ ಹೆಂಗಸು. ಊರು ದಿಣ್ಣೆಯ ಬೆನ್ನ ಮೇಲೆ ಉದ್ದಕ್ಕೆ ಕುಳಿತಿತ್ತು. ಮುಖ್ಯ ಬೀದಿ ಎಷ್ಟು ಕಿರಿದೆಂದರೆ ಎದುರುಬದುರು ಬಾಲ್ಕನಿಯವರು ಕೈ ಚಾಚಿ ಸಕ್ಕರೆ ಕೊಟ್ಟು ತೆಗೆದುಕೊಳ್ಳಬಹುದಿತ್ತು. ಆ ಬೀದಿಯಿಂದ ಹೊರಳಿದ್ದೇ ವಿಶ್ವವಿದ್ಯಾಲಯ ಎದುರಾಯಿತು. ವನಜಾ ನಿಂತುಬಿಟ್ಟಳು. ಸಾಲುಸಾಲು ಕಿಟಕಿಗಳು, ನೆತ್ತಿಯಲ್ಲಿ ಕಲ್ಲಿನ ಕಿರೀಟ, ಒಳಗೆ ಒಂದರ ಪಕ್ಕ ಒಂದು ವಿಶಾಲ ಅಂಗಳ. ಒಂಬತ್ತು ಸಾವಿರ ಜನರ ಊರಿಗೆ ಅಷ್ಟು ದೊಡ್ಡ ಕಟ್ಟಡ, ಚಿಕ್ಕ ಮನೆಯ ಹಜಾರದಲ್ಲಿ ಆನೆ ನಿಂತ ಹಾಗಿತ್ತು. ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಪೂರ್ವಿ ಫೋಟೋ ತೆಗೆಯುತ್ತಿದ್ದರೆ ವನಜಾ ಮೆಟ್ಟಿಲುಗಳನ್ನು ನೋಡಿದಳು. ನಡುವೆ ಸವೆದು ತಗ್ಗಾಗಿದ್ದವು.

"ಎಷ್ಟು ಜನ ಹುಡುಗರು ಹತ್ತಿ ಇಳಿದಿರ್ಬೇಕು ನೋಡೇ" ಎಂದಳು.

ಊರಿನ ಹಳೆಯ ಕಾಗದಪತ್ರಗಳನ್ನು ಇಟ್ಟಿದ್ದ ಕಚೇರಿಗೆ ಪೂರ್ವಿ ಮೊದಲೇ ಇಮೇಲ್ ಕಳಿಸಿದ್ದಳು. ಅಲ್ಲಿ ರೋಸೆರ್ ಎಂಬ ಗಿಡ್ಡ ಕೂದಲಿನ ಹೆಂಗಸು ಅವರಿಗಾಗಿ ಕಾಯುತ್ತಿದ್ದಳು. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅದು ಎಲ್ಲಿಂದ ಬಂತೆಂದು ಕೇಳಿ, ಆಸ್ಟ್ರೇಲಿಯಾ ಎಂದಾಗ ಇನ್ನೊಮ್ಮೆ ಕೇಳಿದಳು. ಈ ವ್ಯಾಕರಣ ಅಪರೂಪದ್ದೇನಲ್ಲ, ತಮ್ಮಲ್ಲೇ ಮೂರು ಪ್ರತಿಗಳಿವೆ ಎಂದಳು. ಆಂಟೊನ್ ಫರ್ರೆಯ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದಳು. ವಿದ್ಯಾರ್ಥಿಗಳ ದಾಖಲೆಗಳು ವಿಶ್ವವಿದ್ಯಾಲಯದ ಜೊತೆಯಲ್ಲೇ ಬಾರ್ಸಿಲೋನಾಕ್ಕೆ ಹೋಗಿದ್ದರೂ ಹೆಸರುಗಳ ಪಟ್ಟಿ ಅವಳ ಬಳಿ ಇತ್ತು. ಹಿಂದಿನ ಹತ್ತು ವರ್ಷ, ಮುಂದಿನ ಹತ್ತು ವರ್ಷ ನೋಡಿದರೂ ಫರ್ರೆ ಸಿಗಲಿಲ್ಲ.

"ಶೀ ಈಸ್ ಸೇಯಿಂಗ್ ಹಿ ನೆವರ್ ಸ್ಟಡೀಡ್ ಹಿಯರ್" ಎಂದಳು ಪೂರ್ವಿ.

"ಮತ್ತೆ ಈ ಅರ್ಧಚಂದ್ರ?"

ರೋಸೆರ್ ಭುಜ ಕುಣಿಸಿದಳು. ವಿದ್ಯಾರ್ಥಿಗಳು ಏನೇನೋ ಗೀಚುತ್ತಾರೆ ಎಂದಳು. ಕಚೇರಿ ಎರಡು ಗಂಟೆಗೆ ಮುಚ್ಚುತ್ತದೆ, ಇನ್ನೇನಾದರೂ ಕೇಳುವುದಿದ್ದರೆ ಅಷ್ಟರೊಳಗೆ ಬನ್ನಿ ಎಂದೂ ಹೇಳಿದಳು.

ಹೊರಗೆ ಬಂದ ವನಜಾಳಿಗೆ ನಿರಾಸೆಗಿಂತ ಕುತೂಹಲವೇ ಹೆಚ್ಚಿತು. ಓದದವನು ಪುಸ್ತಕದಲ್ಲಿ ಹೆಸರು ಬರೆದದ್ದೇಕೆ? ಅದೂ ಕೊನೆಯ ಹಾಳೆಯಲ್ಲಿ? ಇಬ್ಬರೂ ಮಾಟಗಾತಿಯರ ಓಣಿ ಎಂದು ಹೆಸರಾದ ಕಿರುದಾರಿಯನ್ನು ನೋಡಲು ಹೋದರು. ಮನೆಗಳ ಅಡಿಯಲ್ಲೇ ಕಮಾನುಗಳ ಕೆಳಗೆ ಸಾಗುವ, ಹಗಲಲ್ಲೂ ಮಬ್ಬಾದ ಓಣಿ. ಅಲ್ಲಿನ ಕಲ್ಲುಹಾಸಿನಲ್ಲಿ ಕಾಲು ಸಿಕ್ಕಿ ವನಜಾಳ ಚಪ್ಪಲಿಯ ಪಟ್ಟಿ ಕಿತ್ತುಬಂತು.

"ಓ ನೋ! ಅಮ್ಮಾ, ನಿಮ್ಮ ಫರ್ರೆನೇ ಮಾಟ ಮಾಡಿರೋದು" ಎಂದು ಪೂರ್ವಿ ಗೋಡೆಗೊರಗಿ ನಕ್ಕಳು.

ಹಣ್ಣಿನ ಅಂಗಡಿಯವಳು ದಾರಿ ತೋರಿಸಿದ್ದರಿಂದ, ಒಂದು ಕಾಲು ಎಳೆಯುತ್ತ, ಪಕ್ಕದ ಬೀದಿಯಲ್ಲಿದ್ದ ಚಪ್ಪಲಿ ರಿಪೇರಿ ಅಂಗಡಿಗೆ ಬಂದರು. ಒಳಗೆ ಅಂಟು ಮತ್ತು ಚರ್ಮದ ವಾಸನೆ. ಎಂಬತ್ತರ ಹತ್ತಿರದ ಮುದುಕ, ಮಜಿ ಎಂದು ಹೆಸರು, ಚಪ್ಪಲಿಯನ್ನು ತಿರುಗಿಸಿ ನೋಡಿ ವನಜಾಳಿಗೆ ಸ್ಟೂಲು ತೋರಿಸಿದ. ಅಂಟು ಹಾಕಿಬಿಡುತ್ತಾನೆಂದು ಅವಳು ಎಣಿಸಿದ್ದಳು. ಅವನು ಮೇಣದುಂಡೆಯ ಮೇಲೆ ದಾರವನ್ನೆಳೆದು, ಅದರ ಎರಡು ತುದಿಗೂ ಒಂದೊಂದು ಸೂಜಿ ಕಟ್ಟಿದ. ಚರ್ಮಕ್ಕೆ ತೂತು ಕೊರೆದು, ಒಂದೇ ತೂತಿನೊಳಗೆ ಆ ಕಡೆಯಿಂದೊಂದು, ಈ ಕಡೆಯಿಂದೊಂದು ಸೂಜಿ ತೂರಿಸಿ, ಎರಡೂ ಕೈ ಅಗಲಿಸಿ ದಾರ ಜಗ್ಗಿದ. ಮತ್ತೊಂದು ತೂತು. ಮತ್ತೆ ಹಾಗೆಯೇ.

ವನಜಾ ಸ್ಟೂಲಿನಿಂದ ಎದ್ದಳು. ಬರಿಗಾಲಿನಲ್ಲೇ ಅವನ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದಳು.

"ಪೂರ್ವಿ, ಪುಸ್ತಕ ಕೊಡು. ಬೇಗ ಕೊಡೇ!"

ಕೊನೆಯರ್ಧವನ್ನು ತೆರೆದು ಕಪ್ಪು ದಾರವನ್ನು ಮುದುಕನ ಮುಂದೆ ಹಿಡಿದಳು. ಮಜಿ ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನ ಉಗುರನ್ನು ಹೊಲಿಗೆಯ ಮೇಲೆ ಓಡಿಸಿದ. ಏನೋ ಹೇಳಿದ. ಪೂರ್ವಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

"ಇದು ಬುಕ್‌ಬೈಂಡರ್ ಕೆಲಸ ಅಲ್ವಂತೆ ಅಮ್ಮಾ. ಚಪ್ಪಲಿ ಹೊಲಿಯೋರದ್ದಂತೆ. ಅಂಡ್ ಹಿ ವಾಸ್ ಲೆಫ್ಟ್-ಹ್ಯಾಂಡೆಡ್! ಹೊಲಿಗೆ ಹೇಗೆ ವಾಲಿದೆ ನೋಡಿ ಅಂತಿದಾರೆ."

ವನಜಾ ನೋಡಿದಳು. ಎಲ್ಲ ಹೊಲಿಗೆಗಳೂ ಒಂದೇ ಕಡೆಗೆ, ಮಜಿ ಆಗಷ್ಟೇ ಚಪ್ಪಲಿಗೆ ಹಾಕಿದ ಹೊಲಿಗೆಯ ಎದುರು ದಿಕ್ಕಿಗೆ ವಾಲಿದ್ದವು. ಗೋಣಿಚೀಲದಂತೆ ಎಂದಿದ್ದಳಲ್ಲ ತಾನು. ಇಷ್ಟು ತಿಂಗಳಲ್ಲಿ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಪ್ರತಿಯೊಂದು ತೂತಿನ ನಡುವಿನ ಅಂತರವೂ ಒಂದೇ. ಒಂದು ಅಕ್ಷರದ ಮೇಲೂ ಸೂಜಿ ಬಿದ್ದಿರಲಿಲ್ಲ. ಕೊನೆಯ ಹಾಳೆ ತಿರುಗಿಸಿ ಹೆಸರನ್ನೂ ಅರ್ಧಚಂದ್ರವನ್ನೂ ತೋರಿಸಿದಳು. ಮಜಿ ಗೋಡೆಯ ಮೊಳೆಯಿಂದ ಒಂದು ಕತ್ತಿ ತೆಗೆದು ಪುಸ್ತಕದ ಪಕ್ಕದಲ್ಲಿಟ್ಟ. ಚರ್ಮ ಕತ್ತರಿಸುವ ಕತ್ತಿ. ಅರ್ಧಚಂದ್ರದಂಥ ಅಲಗು, ನಡುವಿನಿಂದ ಹೊರಟ ಹಿಡಿ.

ಅವರು ಕಚೇರಿಗೆ ಓಡಿ ಬಂದಾಗ ಒಂದು ಗಂಟೆ ದಾಟಿತ್ತು. ರೋಸೆರ್ ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ನಿಂತಳು. ವಿದ್ಯಾರ್ಥಿಗಳ ಕಾಗದ ಬಾರ್ಸಿಲೋನಾಕ್ಕೆ ಹೋಗಿತ್ತು, ಆದರೆ ಊರಿನ ಕಸುಬುದಾರರ ಕಾಗದ ಎಲ್ಲೂ ಹೋಗಿರಲಿಲ್ಲ. ಅವಳು ಒಳಗಿನಿಂದ ದಪ್ಪ ರಟ್ಟಿನ ಪುಸ್ತಕವೊಂದನ್ನು ಹೊತ್ತು ತಂದು ಪುಟ ತಿರುವತೊಡಗಿದಳು. ಗಡಿಯಾರ ಎರಡಾಯಿತು. ಬಾಗಿಲು ಮುಚ್ಚಿಬಂದು ಮತ್ತೆ ಕುಳಿತಳು. ಎರಡೂಕಾಲರ ಹೊತ್ತಿಗೆ ಅವಳ ಬೆರಳು ನಿಂತಿತು.

ಆಂಟೊನ್ ಫರ್ರೆ, ಚಪ್ಪಲಿ ಹೊಲಿಯುವವ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮಾಳಿಗೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು ಮೂವರು.

"ಮೂವರ ಹೆಸರು?" ವನಜಾ ಕೇಳಿದಳು.

ಹೆಸರಿರಲಿಲ್ಲ. ಮೂವರು ಎಂದಷ್ಟೇ. ಪುಸ್ತಕ ಅವರಲ್ಲಿ ಯಾರದೋ, ಹೇಗೆ ಹರಿಯಿತೋ, ಕಡಲು ದಾಟಿ ಸ್ವಾನ್ ವ್ಯಾಲಿಗೆ ಯಾರ ಪೆಟ್ಟಿಗೆಯಲ್ಲಿ ಬಂತೋ, ಆ ಕಾಗದಕ್ಕೆ ಗೊತ್ತಿರಲಿಲ್ಲ. ರೋಸೆರ್ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಳು. ತಮ್ಮ ಮೂರು ಪ್ರತಿಗಳಲ್ಲಿ ಯಾವುದಕ್ಕೂ ಇಂಥ ಹೊಲಿಗೆಯಿಲ್ಲ, ಇದನ್ನು ಇಲ್ಲಿಯೇ ಬಿಟ್ಟುಹೋಗಬಹುದೇ ಎಂದು ಸಂಕೋಚದಿಂದ ಕೇಳಿದಳು.

ವನಜಾ ಅಂಕಲ್‌ಗೆ ಫೋನ್ ಮಾಡಿದಳು. ಪರ್ತ್‌ನಲ್ಲಿ ಆಗ ರಾತ್ರಿ ಊಟದ ಸಮಯ. ಎಲ್ಲವನ್ನೂ ಕೇಳಿ ಅಂಕಲ್ ಬಹಳ ಖುಷಿಪಟ್ಟರು. ಬಿಟ್ಟುಬರುವ ಮಾತಿಗೆ ಮಾತ್ರ ಒಪ್ಪಲಿಲ್ಲ.

"ಮೊದಲ ಹನ್ನೊಂದು ಪಾಠ ಜೆರಾಕ್ಸ್ ಮಾಡಿ ಇಟ್ಕೊಂಡಿದ್ದೆ, ಅದು ಮುಗೀತು. ಹನ್ನೆರಡನೇದು ಓದ್ಲಿಕ್ಕೆ ಕಾಯ್ತಾ ಇದ್ದೇನೆ. ಅವ್ರಿಗೆ ಹೇಳಿ, ನಾನು ಸತ್ತ ಮೇಲೆ ತಗೊಳ್ಳಲಿ. ಬರೆದು ಕೊಡ್ತೇನೆ ಬೇಕಾದ್ರೆ."

ಪೂರ್ವಿ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ರೋಸೆರ್ ಜೋರಾಗಿ ನಕ್ಕು, ಬಹಳ ವರ್ಷ ಕಾಯಲು ತಯಾರಿದ್ದೇನೆ ಎಂದಳು. ಹೊಲಿಗೆಯ ಫೋಟೋಗಳನ್ನು ಎಲ್ಲ ಕೋನದಿಂದ ತೆಗೆದುಕೊಂಡಳು.

ಬಾರ್ಸಿಲೋನಾಕ್ಕೆ ಮರಳುವ ರೈಲಿನಲ್ಲಿ ವನಜಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಫರ್ರೆಯ ದಾರವನ್ನು ಕತ್ತರಿಸುವ ಮಾತು ಈಗ ಇರಲಿಲ್ಲ. ಸಡಿಲವಾದ ಮೊದಲರ್ಧವನ್ನು ಮಾತ್ರ ಹೊಲಿದು, ಕೊನೆಯರ್ಧದಲ್ಲಿ ದಾರ ಸವೆದ ಎರಡು ಕಡೆ ಅವನ ರೀತಿಯಲ್ಲೇ ಹಾಕಬೇಕು. ಆದರೆ ಅವನ ರೀತಿ ಅವಳ ಕೈಗೆ ಬರುತ್ತಿರಲಿಲ್ಲ.

"ನಾಳೆ ನಾನು ಮತ್ತೆ ಬರ್ತೀನಿ" ಎಂದಳು.

"ನಾಳೆ? ಅಮ್ಮಾ, ನಾಳೆಗೆ ಬಾರ್ಸಿಲೋನಾದ ಆ ದೊಡ್ಡ ಚರ್ಚ್ ನೋಡೋಕೆ ಟಿಕೆಟ್ಸ್ ಬುಕ್ ಆಗಿದೆ. ಅಂಡ್ ಯು ಡೋಂಟ್ ಸ್ಪೀಕ್ ಎನಿ ಸ್ಪ್ಯಾನಿಷ್!"

"ನೀನು ಹೋಗಿ ನೋಡ್ಕೊಂಡು ಬಾ. ಸೂಜಿ ಹಿಡಿಯೋಕೆ ಭಾಷೆ ಯಾಕೆ?"

ಮರುದಿನ ಅವಳು ಒಬ್ಬಳೇ ಬಂದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಗೊತ್ತಿಲ್ಲದ ಊರಿಗೆ ಒಬ್ಬಳೇ ಹೊರಟದ್ದು ಅದೇ ಮೊದಲು. ಪ್ರತಿ ನಿಲ್ದಾಣದಲ್ಲೂ ಹೆಸರು ಓದಿಕೊಂಡಳು. ಮಜಿ ಅವಳನ್ನು ನೋಡಿ ಮೊದಲು ಅವಳ ಕಾಲನ್ನು ನೋಡಿದ, ಪಟ್ಟಿ ಮತ್ತೆ ಕಿತ್ತುಬಂತೇನೋ ಎಂದು. ಅವಳು ತಲೆಯಾಡಿಸಿ, ಗಾಳಿಯಲ್ಲಿ ಎರಡು ಕೈ ಅಗಲಿಸಿ ದಾರ ಜಗ್ಗುವಂತೆ ಮಾಡಿ ತೋರಿಸಿದಳು. ಮುದುಕ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಒಂದು ಚರ್ಮದ ತುಂಡು, ಎರಡು ಸೂಜಿ, ಮೇಣದುಂಡೆಯನ್ನು ಅವಳ ಮುಂದಿಟ್ಟ.

ಮೊದಲ ಸಲ ಅವನು ಅವಳ ಹೊಲಿಗೆಯನ್ನೆಲ್ಲ ಬಿಚ್ಚಿ ವಾಪಸ್ ಕೊಟ್ಟ. ಎರಡನೇ ಸಲವೂ ಬಿಚ್ಚಿದ. ಮೂರನೇ ಸಲ ಅರ್ಧ ಬಿಚ್ಚಿದ. ಎರಡು ಗಂಟೆಗೆ ಅಂಗಡಿಯ ಬಾಗಿಲನ್ನು ಎಳೆದುಕೊಂಡು, ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ಡನ್ನು ಚಾಕುವಿನಿಂದ ಕತ್ತರಿಸಿ ಅವಳಿಗೂ ಕೊಟ್ಟ. ಅವಳು ಒಂದು ಕೈಯಲ್ಲಿ ತಿನ್ನುತ್ತ, ಸೂಜಿ ಎಡಗಡೆಯಿಂದ ಮೊದಲು ಹೋದರೆ ಹೊಲಿಗೆ ಎತ್ತ ವಾಲುತ್ತದೆಂದು ಇನ್ನೊಂದು ಕೈಯಲ್ಲಿ ಚರ್ಮ ತಿರುಗಿಸಿ ನೋಡುತ್ತಿದ್ದಳು.